ಹಾಡು ಕೆಡಿಸಿದ ವೇಗ: 'ಮೆಮ್‌ಕಾಪಿ' ವಿವಾದ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ನಮ್ಮ ಮಕ್ಕಳು ಬಳಸುವ ಕೈಟ್ ಗ್ನು/ಲಿನಕ್ಸ್‌ನ ತಳದಲ್ಲಿ 'ಗ್ಲಿಬ್‌ಸಿ' ಎಂಬ ಮುಕ್ತ ತಂತ್ರಾಂಶವಿದೆ. ಇತರ ತಂತ್ರಾಂಶಗಳಿಗೆ ನಿತ್ಯ ಬೇಕಾಗುವ ಸಣ್ಣ ಕೆಲಸಗಳನ್ನು ಮಾಡಿಕೊಡುವ ಫಂಕ್ಷನ್‌ಗಳ ಭಂಡಾರವದು. ಗಣಕದ ಸ್ಮೃತಿಯಲ್ಲಿ ಒಂದೆಡೆ ಇರುವುದನ್ನು ಇನ್ನೊಂದೆಡೆಗೆ ನಕಲಿಸುವ 'ಮೆಮ್‌ಕಾಪಿ' ಅವುಗಳಲ್ಲೊಂದು.

ಇದಕ್ಕೊಂದು ಲಿಖಿತ ನಿಯಮವುಂಟು: ಮೂಲದ ಜಾಗವೂ ನಕಲಿನ ಜಾಗವೂ ಒಂದರ ಮೇಲೊಂದು ಬರಕೂಡದು. ಬರುವುದಾದರೆ 'ಮೆಮ್‌ಮೂವ್' ಎಂಬ ಬೇರೆ ಫಂಕ್ಷನ್ ಬಳಸಬೇಕು. ಆದರೆ ಹಳೆಯ ಮೆಮ್‌ಕಾಪಿ ಮೊದಲಿನಿಂದ ಕೊನೆಯತ್ತ ನಕಲಿಸುತ್ತಿದ್ದುದರಿಂದ, ನಿಯಮ ಮೀರಿದವರಿಗೂ ಅನೇಕ ವೇಳೆ ಸರಿಯಾದ ಫಲವೇ ದೊರೆಯುತ್ತಿತ್ತು.

2010ರಲ್ಲಿ ವೇಗಕ್ಕಾಗಿ ಇದನ್ನು ತಿದ್ದಲಾಯಿತು. ಕೆಲವು ಪ್ರೊಸೆಸರ್‌ಗಳಲ್ಲಿ ನಕಲು ಕೊನೆಯಿಂದ ಹಿಮ್ಮುಖವಾಗಿ ಸಾಗತೊಡಗಿತು. ಸ್ಲೇಟಿನಲ್ಲಿ ಐದು ಮನೆಗಳನ್ನು ಬರೆದು ನೋಡಬಹುದು. ಎರಡರಿಂದ ಐದನೆಯ ಮನೆಯವರೆಗೆ ಕ, ಖ, ಗ, ಘ ಇವೆ. ಅವನ್ನು ಒಂದೊಂದು ಮನೆ ಎಡಕ್ಕೆ ನಕಲಿಸಬೇಕು. ಎಡದಿಂದ ಆರಂಭಿಸಿದರೆ ಕ, ಖ, ಗ, ಘ ಕ್ರಮವಾಗಿ ಬರುತ್ತವೆ. ಬಲದಿಂದ ಆರಂಭಿಸಿದರೆ ಮೊದಲು 'ಘ' ಬಂದು 'ಗ'ವನ್ನು ಅಳಿಸುತ್ತದೆ, ಮುಂದಿನ ಹೆಜ್ಜೆಯಲ್ಲಿ ನಕಲಾಗುವುದೂ ಆ 'ಘ'ವೇ. ಕಡೆಗೆ ಎಲ್ಲ ಮನೆಗಳಲ್ಲಿಯೂ 'ಘ'.

ಅಡೋಬಿ ಫ್ಲ್ಯಾಶ್‌ಗೆ ಆದದ್ದು ಇದೇ. ಫೆಡೋರಾ 14 ಬಳಸುತ್ತಿದ್ದವರಿಗೆ ಹಾಡುಗಳು ಕರ್ಕಶವಾಗಿ ಕೇಳಿಸಿದವು. ತಪ್ಪು ಫ್ಲ್ಯಾಶ್‌ನದು, ತಿದ್ದಬೇಕಾದುದೂ ಅಲ್ಲಿಯೇ ಎಂದು ಒಂದು ಪಕ್ಷ ವಾದಿಸಿತು. ನಿಯಮದ ಮಾತಿನಲ್ಲಿ ಅದು ನಿರ್ವಿವಾದ. ಆದರೆ ಫ್ಲ್ಯಾಶ್‌ನ ಮೂಲ ಸಂಕೇತ ಗುಪ್ತವಾಗಿದ್ದು, ಹೊರಗಿನವರು ಅದನ್ನು ತಿದ್ದುವಂತಿರಲಿಲ್ಲ. ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಬಳಕೆದಾರರ ಪರ ನಿಂತರು: ನಿನ್ನೆಯವರೆಗೆ ನಡೆಯುತ್ತಿದ್ದುದು ಇಂದು ಕೆಟ್ಟರೆ, ನಿಯಮಪುಸ್ತಕ ತೋರಿಸಿದರೆ ಸಾಲದು ಎಂಬುದು ಅವರ ನಿಲುವು. ನಮಗೂ ಇದೇ ನ್ಯಾಯವೆನಿಸುತ್ತದೆ. ಹಾಡು ಕೇಳಲು ಕುಳಿತವನು ಆ ನಿಯಮವನ್ನು ಓದಿರುವುದೂ ಇಲ್ಲ, ಮೀರಿರುವುದೂ ಇಲ್ಲ.

2011ರ ಗ್ಲಿಬ್‌ಸಿ 2.14 ಇಬ್ಬರನ್ನೂ ಉಳಿಸಿಕೊಂಡಿತು. ಒಂದೇ ಹೆಸರಿನಲ್ಲಿ ಎರಡು ಮೆಮ್‌ಕಾಪಿಗಳನ್ನು ಇರಿಸಿ, ಪ್ರತಿಯೊಂದಕ್ಕೂ ಆವೃತ್ತಿಯ ಗುರುತು ಹಚ್ಚಲಾಯಿತು. ಮೊದಲೇ ಸಿದ್ಧವಾಗಿದ್ದ ತಂತ್ರಾಂಶ ಕರೆದರೆ ಸುರಕ್ಷಿತವಾದ ಮೆಮ್‌ಮೂವ್ ಓಗೊಡುತ್ತದೆ. ಹೊಸದಾಗಿ ಸಿದ್ಧಪಡಿಸಿದ್ದು ಕರೆದರೆ ವೇಗದ ಮೆಮ್‌ಕಾಪಿ. ಇದಕ್ಕೂ ಬೆಲೆ ತೆರಬೇಕಾಯಿತು. ಹೊಸ ಗುರುತನ್ನು ಹೊತ್ತ ತಂತ್ರಾಂಶವನ್ನು ಹಳೆಯ ಗಣಕಕ್ಕೆ ಒಯ್ದರೆ, 'ಗ್ಲಿಬ್‌ಸಿ 2.14 ದೊರಕಲಿಲ್ಲ' ಎಂದು ಅದು ಆರಂಭದಲ್ಲಿಯೇ ನಿಂತುಬಿಡುತ್ತದೆ.