ಒಂದೇ ಅಡ್ಡಹೆಸರಿನ ವಂಶಶೋಧನೆಯನ್ನು ಆರಂಭಿಸುವ ಬಗೆ

ನಮ್ಮ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗ, “ಟೀಚರೇ, ನಮ್ಮ ಅಜ್ಜಿಯವರ ಹೆಸರು ಹಳೆಯ ದಾಖಲೆ ಪುಸ್ತಕದಲ್ಲಿ ಸಿಕ್ಕೀತೇ?” ಎಂದು ವಿಚಾರಿಸುವದುಂಟು. ಇಂಥ ಕುತೂಹಲವುಳ್ಳವರಿಗೆ ಉಪಯೋಗವಾಗಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ವಂಶಾವಳಿ ಬೇರೆ, ಅಡ್ಡಹೆಸರಿನ ಶೋಧನೆ ಬೇರೆ. ವಂಶಾವಳಿಯನ್ನು ಬರೆಯುವವಳು ತನ್ನಿಂದ ತಂದೆತಾಯಿಗಳಿಗೂ ಅವರಿಂದ ಅಜ್ಜಅಜ್ಜಿಯರಿಗೂ ಏರುತ್ತಾಳೆ. ಅಡ್ಡಹೆಸರನ್ನು ಶೋಧಿಸುವವಳಾದರೋ ಒಂದು ಹೆಸರನ್ನು ಆರಿಸಿಕೊಂಡು, ಅದನ್ನು ಧರಿಸಿದವರು ಎಲ್ಲೆಲ್ಲಿದ್ದರೂ, ನೆಂಟರಾಗಲಿ ಆಗದಿರಲಿ, ಎಲ್ಲರನ್ನೂ ಕೂಡಿಸುತ್ತಾಳೆ. ಅನಂತರವೇ ಯಾರು ಯಾರಿಗೆ ಸಂಬಂಧಿಗಳೆಂಬದನ್ನು ತೂಗಿ ನೋಡುತ್ತಾಳೆ. ಇಂಥ ಶೋಧಕರಿಗಾಗಿ ಇಂಗ್ಲೆಂಡಿನಲ್ಲಿ 1979ರಲ್ಲಿ ಒಂದು ಸಂಘವೇ ಸ್ಥಾಪಿತವಾಯಿತು.

ನಮ್ಮ ತುಳುನಾಡಿನ ‘ಬಂಗೇರ’ ಎಂಬ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಬಿಲ್ಲವರಲ್ಲಿ ಉಂಟು, ಮೊಗವೀರರಲ್ಲಿ ಉಂಟು, ಕ್ರೈಸ್ತ ಕುಟುಂಬಗಳಲ್ಲಿಯೂ ಉಂಟು. ಆದುದರಿಂದ ಬಂಗೇರರೆಲ್ಲರೂ ಒಂದೇ ಮನೆಯವರೆಂದು ಮೊದಲೇ ನಿಶ್ಚಯಿಸಿಕೊಂಡವಳ ಶೋಧನೆಯು ಅಲ್ಲಿಯೇ ಕೆಟ್ಟಿತು. ಇದು ಮೂಲತಃ ಒಂದು ಬಳಿಯ ಹೆಸರು. ಬಳಿಯೆಂದರೆ ಒಂದೇ ಮೂಲದವರೆಂದು ಎಣಿಸಲ್ಪಡುವವರ ಗುಂಪು. ಒಂದೇ ಬಳಿಯವರು ತಮ್ಮೊಳಗೆ ಮದುವೆಯಾಗತಕ್ಕದ್ದಲ್ಲ. ಅಳಿಯಸಂತಾನದ ಪದ್ಧತಿಯಲ್ಲಿ ಈ ಬಳಿಯು ತಾಯಿಯಿಂದ ಮಕ್ಕಳಿಗೆ ಬರುವದೇ ಹೊರತು ತಂದೆಯಿಂದಲ್ಲ. ಥರ್ಸ್ಟನ್ನರು 1909ರಲ್ಲಿ ಪ್ರಕಟಿಸಿದ ಜಾತಿಗಳ ಕುರಿತಾದ ಏಳು ಸಂಪುಟಗಳಲ್ಲಿಯೂ ಬಿಲ್ಲವರ ಬಳಿಯು ಹೆಣ್ಣಿನ ಸಂತತಿಯನ್ನು ಹಿಡಿದು ನಡೆಯುವದೆಂದು ಹೇಳಿದೆ.

ಇಲ್ಲಿಯೇ ಈ ವಿಷಯದ ಸ್ವಾರಸ್ಯವಿರುವದು. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಸಭೆಗೆ ಸೇರಿದ ತುಳುವರಲ್ಲಿ ಬಹುಮಂದಿ ಬಿಲ್ಲವರು. ಹೀಗೆ ಸೇರಿದ ಕುಟುಂಬದಲ್ಲಿ ಬಳಿಯ ಹೆಸರು ಅಡ್ಡಹೆಸರಾಗಿ ಉಳಿದುಕೊಂಡರೆ, ಮುಂದೆ ಅದು ತಂದೆಯಿಂದ ಮಕ್ಕಳಿಗೆ ಇಳಿಯತೊಡಗುವದು. ಹೆಸರು ಅದೇ, ದಾರಿ ಮಾತ್ರ ಬೇರೆ! ಆದಕಾರಣ ದೀಕ್ಷಾಸ್ನಾನ ಹೊಂದಿದ ಮೊದಲನೆಯ ಬಂಗೇರನ ವರೆಗೆ ಗಂಡುಸಂತತಿಯನ್ನು ಹಿಡಿದು ಏರಿ, ಅಲ್ಲಿಂದ ಮೇಲಕ್ಕೆ ಅವನ ತಾಯಿ, ತಾಯಿಯ ತಾಯಿ ಎಂದು ಹುಡುಕಬೇಕು. ಅವನ ತಂದೆಯ ಬಳಿಯು ಬೇರೆಯೇ ಆಗಿರತಕ್ಕದ್ದು. ಹಿಂದೂ ಮನೆಗಳಲ್ಲಿಯೂ ಈಗ ಮಕ್ಕಳು ತಂದೆಯ ಅಡ್ಡಹೆಸರನ್ನು ಧರಿಸುವದು ಸಾಮಾನ್ಯವಾಗಿರುವದರಿಂದ ಅಲ್ಲಿಯೂ ಈ ತಿರುವನ್ನು ಮರೆಯಬಾರದು.

ಹುಡುಕುವದೆಲ್ಲಿ? ಮೊದಲು ಮನೆಯ ವೃದ್ಧರಲ್ಲಿ. ದಫ್ತರವು ನಾಳೆಯೂ ಇದ್ದೀತು. ಎಂಬತ್ತು ದಾಟಿದ ಅಜ್ಜಿಯ ನೆನಪು ಹಾಗಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ, ಹೇಳಿದವರ ಹೆಸರು ತಾರೀಖುಗಳೊಡನೆ ಬರೆದುಕೊಳ್ಳಿರಿ. ಬಳಿಕ ಸಭಾಪಾಲಕರ ಅಪ್ಪಣೆ ಪಡೆದು ಸಭೆಯ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪುಸ್ತಕಗಳನ್ನು ನೋಡಬೇಕು. ಮಿಶನಿನ ಹಳೆಯ ಕಾಗದಪತ್ರಗಳು ಮಂಗಳೂರಿನ ಬಲ್ಮಠದ ದೈವಜ್ಞಾನ ಕಾಲೇಜಿನಲ್ಲಿಯೂ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿಯೂ ಇವೆ. ಹೆಸರು ಬರೆಯುವವರ ಕೈಯಲ್ಲಿ ಬಂಗೇರ, ಬಂಗೆರ, ಬಂಗೇರಾ ಎಂದು ಮಾರ್ಪಡಬಹುದು. ಎಲ್ಲವನ್ನೂ ಗುರುತಿಸಿಕೊಳ್ಳತಕ್ಕದ್ದು, ತಿದ್ದತಕ್ಕದ್ದಲ್ಲ. ಊರು ಸಿಕ್ಕದಿದ್ದರೆ ಕಸಬನ್ನು ಹಿಡಿಯಿರಿ. ಮಿಶನಿನ ಹಂಚಿನ ಕಾರ್ಖಾನೆಯು ಮಂಗಳೂರಿನಲ್ಲಿ 1865ರಲ್ಲಿ ಆರಂಭವಾಗಿ, ಮುಂದೆ ಮಲ್ಪೆ, ಕಲ್ಲಿಕೋಟೆ, ಪಾಲ್ಘಾಟ್ ಮುಂತಾದಲ್ಲಿಯೂ ಕಾರ್ಖಾನೆಗಳು ಎದ್ದವು. ಕೆಲಸ ಹೋದ ಕಡೆಗೆ ಕುಟುಂಬಗಳೂ ಹೋಗಿರಬಹುದಷ್ಟೆ.

ಎಲ್ಲಕ್ಕಿಂತ ಕಷ್ಟವಾದದ್ದು ಹೆಣ್ಣುಮಕ್ಕಳನ್ನು ಹುಡುಕುವದು. ಮದುವೆಯಾದ ಕೂಡಲೇ ಹುಟ್ಟುಮನೆಯ ಹೆಸರು ಬಿಟ್ಟುಹೋಗುವದು ರೂಢಿ. 1872ರ ಕ್ರೈಸ್ತ ವಿವಾಹದ ಕಾಯಿದೆಯ ನಮೂನೆಯಲ್ಲಿ ವಧೂವರರ ತಂದೆಯ ಹೆಸರನ್ನು ಬರೆಯಲು ಸ್ಥಳವುಂಟು, ತಾಯಿಯ ಹೆಸರಿಗೆ ಇಲ್ಲ. ತಾಯಿಯ ಕಡೆಯಿಂದಲೇ ಬಂದ ಹೆಸರೊಂದನ್ನು ಹುಡುಕುವವಳಿಗೆ ಇದೆಂಥಾ ನಷ್ಟ! ಇಂಥಲ್ಲಿ ಹೆಣ್ಣುಮಕ್ಕಳ ಶಾಲೆಯ ದಾಖಲೆ ಪುಸ್ತಕವು ಬಹಳ ಬೆಲೆಯುಳ್ಳದ್ದು. ಯಾಕಂದರೆ ಹುಡುಗಿಯನ್ನು ಮದುವೆಗೆ ಮುಂಚೆ, ಅವಳ ಹುಟ್ಟುಹೆಸರಿನಿಂದ ಬರೆದಿಡುವ ಪುಸ್ತಕಗಳು ವಿರಳ. ಆದಕಾರಣ ಪ್ರತಿಯೊಬ್ಬ ಸ್ತ್ರೀಗೂ ಒಂದು ಪ್ರತ್ಯೇಕ ಚೀಟಿಯನ್ನಿಟ್ಟು, ಅದರ ತಲೆಯಲ್ಲಿ ಹುಟ್ಟುಹೆಸರನ್ನೂ ಕೆಳಗೆ ಮದುವೆಯ ಹೆಸರನ್ನೂ ಬರೆಯಿರಿ.

ಇನ್ನೊಂದು ಎಚ್ಚರಿಕೆ. ಜೀವಂತರಾಗಿರುವವರ ಜನ್ಮದಿನ, ವಿಳಾಸಗಳನ್ನು ಅವರ ಒಪ್ಪಿಗೆಯಿಲ್ಲದೆ ಅಚ್ಚುಹಾಕಿಸಬಾರದು. ಪೂರ್ವಿಕರ ಜಾತಿ, ಬಡತನ, ಸಾಲ, ಮನೆಯಿಂದ ಹೊರಗೆ ಹಾಕಲ್ಪಟ್ಟ ದುಃಖ ಇವುಗಳನ್ನು ಬಿಚ್ಚಿಡಲು ಕೆಲವರು ಮನಸ್ಸು ಮಾಡರು, ಅವರನ್ನು ಪೀಡಿಸಬೇಡಿರಿ. ಆದರೆ ದಾಖಲೆಯಲ್ಲಿ ಕಂಡದ್ದನ್ನು ಮರೆಮಾಚಿ ಯಾವನೋ ಅರಸನ ಸಂತತಿಯನ್ನು ಕಲ್ಪಿಸುವದೂ ಸಲ್ಲದು. ಬಂಗಾಡಿಯ ಬಂಗರಸರ ಹೆಸರಿನೊಡನೆ ಧ್ವನಿಯು ಹೋಲುವದೆಂಬಷ್ಟಕ್ಕೇ ಬಂಗೇರರು ಆ ಅರಮನೆಯವರಾಗಿಬಿಡುವದಿಲ್ಲ.

ನಮ್ಮ ಶಾಲೆಯ ಪುಸ್ತಕಗಳನ್ನು ನೋಡಬೇಕೆಂಬವರು ಹುಡುಕುವ ವಿದ್ಯಾರ್ಥಿನಿಯ ಹುಟ್ಟುಹೆಸರು, ತಂದೆಯ ಹೆಸರು, ಸುಮಾರಾಗಿ ಓದಿದ ವರ್ಷ ಇಷ್ಟನ್ನು ಮುಂಚಿತವಾಗಿ ಬರೆದು ಕಳುಹಿಸಿದರೆ, ಪುಟಗಳನ್ನು ತೆಗೆದಿಡಿಸಲು ಅನುಕೂಲವಾಗುವದು. ಹಳೆಯ ಕಾಗದವು ಬಹಳ ಮೃದುವಾಗಿರುವದರಿಂದ ಪುಸ್ತಕಗಳನ್ನು ಮನೆಗೆ ಕೊಡಲಾಗುವದಿಲ್ಲ.