ಬಣ್ಣದ ಶಾಲೆಗಳನ್ನು ಕಟ್ಟುವವರ ವರ್ಷದ ಲೆಕ್ಕ

ಕಂಪೆನಿಯ ವಾರ್ಷಿಕ ವರದಿಯು ಕೈಗೆ ಬಂದೊಡನೆ ಲಾಭವೆಷ್ಟು, ನಷ್ಟವೆಷ್ಟು ಎಂದು ನೋಡಿ ಮಡಿಸಿಡುವುದು ಬಹುಮಂದಿಯ ವಾಡಿಕೆ. ಕಿರಾಣಿ ಅಂಗಡಿಯ ಲೆಕ್ಕಕ್ಕೆ ಅಷ್ಟು ಸಾಕು. ಆದರೆ ಮೋಟಾರು ಗಾಡಿಗಳನ್ನಲ್ಲ, ಅವುಗಳನ್ನು ತಯಾರಿಸುವ ಕಾರ್ಖಾನೆಗಳನ್ನೇ ಅಣಿಮಾಡಿಕೊಡುವ ಕಂಪೆನಿಯ ಲೆಕ್ಕವನ್ನು ಹಾಗೆ ಓದಿದವರು ಮೋಸಹೋಗುವುದು ನಿಶ್ಚಯ. ಜರ್ಮನಿಯ ಡ್ಯೂರ್ ಕಂಪೆನಿಯ 2008ರಿಂದ 2011ರವರೆಗಿನ ಲೆಕ್ಕಗಳನ್ನು ಇದಕ್ಕೆ ನಿದರ್ಶನವಾಗಿ ವಾಚಕರ ಮುಂದಿಡುತ್ತೇವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಟಟ್‌ಗಾರ್ಟಿನ ಬಳಿಯ ಕಾನ್‌ಸ್ಟಾಟಿನಲ್ಲಿ ಪೌಲ್ ಡ್ಯೂರ್ ಎಂಬಾತನು ತೆರೆದ ತಗಡಿನ ಕೆಲಸದ ಅಂಗಡಿಯೇ ಈ ಕಂಪೆನಿಯ ಮೂಲ. ಇಂದು ಇದರ ಮುಖ್ಯ ಕಸಬು ಕಾರುಗಳಿಗೆ ಬಣ್ಣ ಹಾಕುವ ಶಾಲೆಗಳನ್ನು ಕಟ್ಟಿಕೊಡುವುದು. ಉಕ್ಕಿನ ಬರಿಮೈಯ ಗಾಡಿಯನ್ನು ತೊಳೆದು, ತುಕ್ಕು ಹಿಡಿಯದಂತೆ ತೊಟ್ಟಿಯಲ್ಲಿ ಅದ್ದಿ ಪೂರ್ತಿ ಒಂದು ಸುತ್ತು ಉರುಳಿಸಿ ಎತ್ತಿ, ಒಲೆಯಲ್ಲಿ ಬೇಯಿಸಿ, ಯಂತ್ರದ ತೋಳುಗಳಿಂದ ಬಣ್ಣ ಸಿಂಪಡಿಸುವ ಏರ್ಪಾಡು ಅದು. ಕಾರಿನ ಕಾರ್ಖಾನೆಯಲ್ಲಿ ಅತಿ ಹೆಚ್ಚು ಶಕ್ತಿಯನ್ನು ನುಂಗುವ ವಿಭಾಗಗಳಲ್ಲಿ ಇದೊಂದು. ಇಂಥದನ್ನು ಯಾರೂ ಸಂತೆಯಲ್ಲಿ ಕೊಳ್ಳುವುದಿಲ್ಲ. ಆರ್ಡರು ಬಂದು, ಮುಂಗಡ ಸಂದು, ಕೆಲಸ ಮುಗಿಯುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಆದಕಾರಣ ಈ ವರ್ಷದ ವಹಿವಾಟೆಂಬುದು ಬಹುಮಟ್ಟಿಗೆ ಹಿಂದಿನ ವರ್ಷದ ಆರ್ಡರುಗಳ ಫಲ.

2008ರಲ್ಲಿ ಡ್ಯೂರಿನ ವಹಿವಾಟು ಸುಮಾರು 160 ಕೋಟಿ ಯೂರೋ. ಹಿಂದಿನ ವರ್ಷಕ್ಕಿಂತ ಹೆಚ್ಚೇ. ಅದನ್ನು ನೋಡಿದವರಿಗೆ ಸುಭಿಕ್ಷವೆಂದೇ ತೋರಿದ್ದೀತು. ಆದರೆ ಹೊಸದಾಗಿ ಬಂದ ಆರ್ಡರುಗಳ ಮೊತ್ತವು ಆಗಲೇ 146 ಕೋಟಿಗೆ ಇಳಿದಿತ್ತು. 2009ರಲ್ಲಿ ವಹಿವಾಟು 108 ಕೋಟಿಗೆ ಕುಸಿಯಿತು. ಎರಡೂವರೆ ಕೋಟಿಯಷ್ಟು ನಷ್ಟವೂ ಬಂತು. ಇನ್ನು 2010ನ್ನು ನೋಡಬೇಕು. ಲಾಭವು ಬರಿಯ 70 ಲಕ್ಷ. ಪಾಲುದಾರನು ಮುಖ ಸಿಂಡರಿಸಿಕೊಳ್ಳುವಂಥದು. ಆದರೆ ಅದೇ ವರ್ಷ ಬಂದ ಆರ್ಡರುಗಳು 164 ಕೋಟಿ! ಮರುವರ್ಷ, ಎಂದರೆ 2011ರಲ್ಲಿ, ಆರ್ಡರುಗಳು 268 ಕೋಟಿಗೂ, ವಹಿವಾಟು 192 ಕೋಟಿಗೂ, ಲಾಭವು 6 ಕೋಟಿ 40 ಲಕ್ಷಕ್ಕೂ ಏರಿದವು. ಲಾಭದ ಕಲಮನ್ನು ಮಾತ್ರ ಓದಿದವರಿಗೆ ಬರವೂ ತಡವಾಗಿ ತಿಳಿಯಿತು, ಮಳೆಯೂ ತಡವಾಗಿ ತಿಳಿಯಿತು.

ಈ ಅಂಕಿಗಳ ಹಿಂದೆ ಅನ್ನದ ಪ್ರಶ್ನೆಯುಂಟು. 6,100ಕ್ಕೆ ಮಿಗಿಲಾಗಿದ್ದ ನೌಕರರ ಸಂಖ್ಯೆ 2009ರ ಕೊನೆಗೆ 5,700ರಷ್ಟಾಯಿತು. ಕೆಲಸ ಕಳೆದುಕೊಂಡವರ ಮನೆಗೆ ಇದು ಸಣ್ಣ ಮಾತಲ್ಲ. ಆದರೂ ವಹಿವಾಟಿನ ಮೂರರಲ್ಲೊಂದು ಪಾಲು ಹೋದಾಗ ಆಳುಗಳಲ್ಲಿ ಹೋದದ್ದು ಹದಿನೈದರಲ್ಲೊಂದು ಪಾಲು. ಆ ಕಾಲದಲ್ಲಿ ಜರ್ಮನಿಯ ಸರ್ಕಾರವು, ಕೆಲಸದ ಗಂಟೆಗಳನ್ನು ತಗ್ಗಿಸಿದ ಕಾರ್ಖಾನೆಗಳ ನೌಕರರಿಗೆ ಕಳೆದುಹೋದ ನಿವ್ವಳ ಸಂಬಳದ ನೂರಕ್ಕೆ 60 ಭಾಗವನ್ನೂ, ಮಕ್ಕಳುಳ್ಳವರಿಗೆ 67 ಭಾಗವನ್ನೂ ತುಂಬಿಕೊಡುತ್ತಿತ್ತು. ಸರ್ಕಾರದ ಹಣವನ್ನು ದುಂದುಮಾಡಿದರೆಂದು ಹಳಿಯುವವರು ಎಲ್ಲಿಯೂ ಇರುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ನುರಿತ ಫಿಟ್ಟರನನ್ನು ಒಂದು ದಿನದಲ್ಲಿ ಹೊರಹಾಕಬಹುದು. ಅವನಂಥವನನ್ನು ಅಣಿಗೊಳಿಸಲು ವರ್ಷಗಳು ಬೇಕು. 2011ರಲ್ಲಿ ಆರ್ಡರುಗಳು ಸುರಿದಾಗ ಕೈಗಳು ಇದ್ದುವು. ಆ ವರ್ಷದ ಕೊನೆಗೆ ನೌಕರರು ಸುಮಾರು 6,800 ಆದರು.

ಆರ್ಡರು ಎಲ್ಲಿಂದ ಬಂತೆಂಬುದನ್ನೂ ನೋಡತಕ್ಕದ್ದು. 2009ರಲ್ಲಿ ಚೀನಾ ದೇಶವು ಅಮೆರಿಕವನ್ನು ಹಿಂದಿಕ್ಕಿ ಜಗತ್ತಿನ ಅತಿ ದೊಡ್ಡ ಕಾರುಪೇಟೆಯಾಯಿತು. ಡ್ಯೂರಿನ ಚೇತರಿಕೆಗೆ ಆ ಪೇಟೆಯೇ ಬಹುಮಟ್ಟಿಗೆ ಕಾರಣ. ಒಂದೇ ಕೆರೆಯ ನೀರನ್ನು ನಂಬಿದ ಗದ್ದೆಯ ಭಯವನ್ನು ಕಂಪೆನಿಯವರೂ ಅರಿತರೆಂದು ತೋರುತ್ತದೆ. 2014ರಲ್ಲಿ ಮರಗೆಲಸದ ಯಂತ್ರಗಳನ್ನು ಮಾಡುವ ಹೋಮಾಗ್ ಕಂಪೆನಿಯ ಹೆಚ್ಚಿನ ಪಾಲನ್ನು ಕೊಂಡರು. ಹಾಗಿದ್ದೂ 2020ರ ಸಾಂಕ್ರಾಮಿಕದ ವರ್ಷದಲ್ಲಿ ವಹಿವಾಟು 392 ಕೋಟಿಯಿಂದ 332 ಕೋಟಿಗೆ ಇಳಿದು, ಲೆಕ್ಕದಲ್ಲಿ ಮತ್ತೆ ನಷ್ಟ ಕಾಣಿಸಿತು.