ಕಾಫಿಪ್ರಿಯರ ಮೆಚ್ಚುಗೆಯೂ ತೋಟಗಾರರ ಕರ್ತವ್ಯವೂ

ಕಾಫಿಯು ಕರ್ನಾಟಕದ ಮಲೆನಾಡಿನ ಮುಖ್ಯವಾದ ಬೆಳೆಯೆಂಬುದು ಸರ್ವವಿದಿತವಾಗಿದೆ. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ಈ ರಾಜ್ಯದ್ದೇ; ಅದರಲ್ಲಿಯೂ ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳದ್ದೇ. ನೆರಳು, ಗೊಬ್ಬರ, ಕಸಿ, ಕೀಟಗಳ ನಿವಾರಣೆ ಮೊದಲಾದ ವಿಷಯಗಳಲ್ಲಿ ತೋಟದ ಯಜಮಾನರು ತೋರುವ ಶ್ರದ್ಧೆಯು ಶ್ಲಾಘನೀಯವಾದದ್ದು. ಆದರೆ ಬೀಜವು ಮೂಟೆಯಾಗಿ ತೋಟದ ಬಾಗಿಲನ್ನು ದಾಟಿದ ಮೇಲೆ ಅದು ಯಾರ ಕೈಸೇರುತ್ತದೆ, ಅದನ್ನು ಹುರಿಯುವವರು ಯಾರು, ಕುಡಿಯುವವರು ಯಾವ ಹೆಸರನ್ನು ಕೇಳಿ ಕೊಳ್ಳುತ್ತಾರೆ, ಆ ಹೆಸರನ್ನೇ ಏತಕ್ಕೆ ಕೇಳುತ್ತಾರೆ ಎಂಬ ವಿಚಾರವು ಬೆಳೆಗಾರರಲ್ಲಿ ಅನೇಕರಿಗೆ ತಿಳಿಯದು. ಈ ವಿಚಾರವನ್ನು ತಿಳಿಯದಿರುವುದರಿಂದ ಆಗುವ ನಷ್ಟವು ಪೇಟೆಯವನದಲ್ಲ, ತೋಟದವನದೇ ಆಗಿರುತ್ತದೆ. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಸ್ವಲ್ಪ ವಿವರವಾಗಿ ಅರಿತುಕೊಳ್ಳುವುದು ಯುಕ್ತವಾಗಿದೆ.

ಕೊಳ್ಳುವವರಲ್ಲಿ ಮೂರು ಪಂಗಡಗಳು

ಕಾಫಿಯನ್ನು ಕೊಂಡು ಕುಡಿಯುವವರನ್ನು ಸ್ಥೂಲವಾಗಿ ಮೂರು ಪಂಗಡಗಳಾಗಿ ವಿಂಗಡಿಸಬಹುದು. ಬಿಸಿನೀರಿನಲ್ಲಿಯೋ ಹಾಲಿನಲ್ಲಿಯೋ ಕ್ಷಣದಲ್ಲಿ ಕರಗುವ ಪುಡಿಯನ್ನು ಬಳಸುವವರದು ಮೊದಲನೆಯ ಪಂಗಡ. ನೆಸ್ಕೆಫೆ, ಬ್ರೂ ಮುಂತಾದ ಹೆಸರುಗಳು ಇವರ ಬಾಯಲ್ಲಿ ರೂಢಿಯಾಗಿವೆ. ಈ ಪುಡಿಗಳಿಗೆ ಬೇಕಾದ ಬೀಜವನ್ನು ದೊಡ್ಡ ಕಾರ್ಖಾನೆಗಳು ನಾನಾ ತೋಟಗಳಿಂದ ಕೊಂಡು ಒಟ್ಟುಗೂಡಿಸುವುದರಿಂದ ಇಲ್ಲಿ ತೋಟದ ಹೆಸರಿಗೆ ಎಡೆಯಿಲ್ಲ.

ಎರಡನೆಯ ಪಂಗಡದವರು ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ ಕುಡಿಯುವವರು. ದಕ್ಷಿಣ ಹಿಂದೂಸ್ಥಾನದ ಗೃಹಸ್ಥರಲ್ಲಿ ಈ ಪಂಗಡವು ಬಹು ಹಳೆಯದು. ಮದರಾಸಿನ ಲಿಯೋ, ೧೯೨೬ರಲ್ಲಿ ಸೇಲಂನಲ್ಲಿ ಆರಂಭವಾದ ನರಸೂಸ್, ೧೯೪೯ರಿಂದ ಬೆಂಗಳೂರಿನಲ್ಲಿ ನಡೆಯುತ್ತ ಬಂದಿರುವ ಕೋಥಾಸ್ ಇವೆಲ್ಲವೂ ಈ ಪಂಗಡದವರ ಮೆಚ್ಚುಗೆಯನ್ನು ಪಡೆದ ಹೆಸರುಗಳು. ಇವಲ್ಲದೆ ಪ್ರತಿಯೊಂದು ಪಟ್ಟಣದಲ್ಲಿಯೂ ಬೀಜವನ್ನು ಎದುರಿಗೇ ಹುರಿದು ಪುಡಿಮಾಡಿ ಕೊಡುವ ಅಂಗಡಿಗಳುಂಟು. ಅಲ್ಲಿಗೆ ಬರುವ ಗಿರಾಕಿಯು ‘ಪ್ಲಾಂಟೇಶನ್ ಎ ಅರ್ಧ, ಪೀಬರಿ ಅರ್ಧ, ಚಿಕೋರಿ ಇಷ್ಟು’ ಎಂದು ತನ್ನ ಮನೆಯ ಪಾಕವನ್ನು ತಾನೇ ಹೇಳುತ್ತಾನೆ. ಪ್ಲಾಂಟೇಶನ್ ಎಂದರೆ ನೀರಿನಲ್ಲಿ ತೊಳೆದು ಸಂಸ್ಕರಿಸಿದ ಅರಾಬಿಕಾ. ಪೀಬರಿ ಎಂದರೆ ಹಣ್ಣಿನಲ್ಲಿ ಎರಡು ಬೀಜಗಳಿಗೆ ಬದಲು ಒಂದೇ ಒಂದು ದುಂಡಾಗಿ ಬೆಳೆದದ್ದು. ಈ ಗಿರಾಕಿಗೆ ದರ್ಜೆಯ ಪರಿಚಯ ಚೆನ್ನಾಗಿದೆ, ತೋಟದ ಪರಿಚಯ ಮಾತ್ರ ಇಲ್ಲ. ಚಿಕೋರಿಯೆಂಬುದು ಕಾಫಿಯಲ್ಲ, ಒಂದು ಗಿಡದ ಬೇರನ್ನು ಒಣಗಿಸಿ ಹುರಿದು ಮಾಡಿದ ಪುಡಿ. ಅದನ್ನು ಬೆರೆಸಿದ ಪುಡಿಯಲ್ಲಿ ಕಾಫಿಯು ನೂರಕ್ಕೆ ೫೧ಕ್ಕೆ ಕಡಿಮೆಯಾಗಿರಕೂಡದೆಂದೂ, ಮಿಶ್ರಣದ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸತಕ್ಕದ್ದೆಂದೂ ಆಹಾರದ ಕಾನೂನು ವಿಧಿಸಿದೆ.

ಮೂರನೆಯ ಪಂಗಡವು ಈಚಿನದು. ಸಂಖ್ಯೆಯಲ್ಲಿ ಚಿಕ್ಕದಾದರೂ ಕ್ರಯ ಕೊಡುವುದರಲ್ಲಿ ಉದಾರವಾದದ್ದು. ಇವರು ಚಿಕೋರಿಯನ್ನು ಒಲ್ಲರು. ಹಲವರು ಹಾಲನ್ನೂ ಸಕ್ಕರೆಯನ್ನೂ ಒಲ್ಲರು. ೨೦೧೩ರಲ್ಲಿ ಆರಂಭವಾದ ಬ್ಲೂ ಟೊಕಾಯ್, ೨೦೧೬ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಥರ್ಡ್ ವೇವ್, ೨೦೨೦ರಲ್ಲಿ ಮುಂಬಯಿಯಲ್ಲಿ ತಲೆಯೆತ್ತಿದ ಸುಬ್ಕೊ ಮೊದಲಾದ ಹುರಿಯುವ ಸಂಸ್ಥೆಗಳು ಇವರ ಆದರಕ್ಕೆ ಪಾತ್ರವಾಗಿವೆ. ಇಂಥಾ ಸಂಸ್ಥೆಗಳ ಪೊಟ್ಟಣದ ಮೇಲೆ ತೋಟದ ಹೆಸರು, ತೋಟವಿರುವ ಎತ್ತರ, ಗಿಡದ ತಳಿ, ಸಂಸ್ಕರಣದ ಕ್ರಮ, ಹುರಿದ ತಾರೀಖು ಇವುಗಳನ್ನು ಅಚ್ಚುಹಾಕುವ ಪದ್ಧತಿಯುಂಟು. ಬಿಳಿಗಿರಿರಂಗನ ಬೆಟ್ಟದ ಅತ್ತಿಕಾನ್, ಚಿಕ್ಕಮಗಳೂರು ಸೀಮೆಯ ತೊಗರಿಹುಂಕಲ್, ಕೆರೆಹಕ್ಲು ಮುಂತಾದ ತೋಟಗಳ ಹೆಸರನ್ನು ಮಲೆನಾಡನ್ನೇ ಕಾಣದ ದೂರದೂರಿನ ಜನರು ಕೇಳಿ ಕೊಳ್ಳುವಂತಾಗಿರುವುದು ಈ ಕ್ರಮದಿಂದಲೇ.

ತೋಟದ ಹೆಸರು ಮರೆಯಾದದ್ದೂ ಮರಳಿ ಬಂದದ್ದೂ

ತೋಟದ ಹೆಸರು ಕುಡಿಯುವವನವರೆಗೂ ಹೋಗುವುದು ಹಿಂದೆ ಸಾಧ್ಯವಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಮಾರುಕಟ್ಟೆಗಳು ಮುಚ್ಚಿಹೋಗಿ ಬೆಳೆಗಾರರು ದಿಕ್ಕುಗೆಟ್ಟಾಗ, ೧೯೪೨ರ ಕಾಫಿ ಕಾನೂನಿನ ಮೇರೆಗೆ ಬೆಳೆಯನ್ನೆಲ್ಲ ಕಾಫಿ ಮಂಡಲಿಯ ಒಂದೇ ರಾಶಿಗೆ ಒಪ್ಪಿಸುವ ಏರ್ಪಾಡು ನಡೆಯಿತು. ಮಂಡಲಿಯು ಬೀಜವನ್ನು ದರ್ಜೆವಾರು ವಿಂಗಡಿಸಿ ಹರಾಜು ಹಾಕಿ, ಬೆಳೆಗಾರರಿಗೆ ಕಂತುಕಂತಾಗಿ ಹಣವನ್ನು ಪಾವತಿಮಾಡುತ್ತಿತ್ತು. ಈ ಏರ್ಪಾಡಿನಿಂದ ಸಣ್ಣ ಬೆಳೆಗಾರನಿಗೆ ಆಶ್ರಯ ದೊರೆಯಿತೆಂಬುದು ನಿಜ. ಆದರೆ ಎಚ್ಚರಿಕೆಯಿಂದ ಹಣ್ಣು ಕಿತ್ತವನ ಬೀಜವೂ ಉದಾಸೀನದಿಂದ ಕಿತ್ತವನ ಬೀಜವೂ ಒಂದೇ ದರ್ಜೆಗೆ ಬಿದ್ದರೆ ಒಂದೇ ರಾಶಿಯಲ್ಲಿ ಕಲೆತುಹೋಗುತ್ತಿದ್ದುವು. ಬೀಜದ ಗಾತ್ರವನ್ನು ಜರಡಿಯು ಅಳೆಯಬಲ್ಲದು. ಬಟ್ಟಲಿನ ರುಚಿಯನ್ನು ಅಳೆಯಲಾರದು.

೧೯೯೦ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಿ, ೧೯೯೬ರಲ್ಲಿ ಪೂರ್ಣವಾಗಿ ತೆಗೆಯಲ್ಪಟ್ಟಿತು. ಅಂದಿನಿಂದ ಬೆಳೆಗಾರನು ತನ್ನ ಬೀಜವನ್ನು ತನಗೆ ಇಷ್ಟಬಂದವರಿಗೆ ಮಾರುವ ಸ್ವಾತಂತ್ರ್ಯವನ್ನು ಹೊಂದಿದ್ದಾನೆ. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಾಫಿ ಡೇ ಸಂಸ್ಥೆಯ ಮೊದಲನೆಯ ಅಂಗಡಿಯು ತೆರೆಯಿತು. ಪೇಟೆಯ ತರುಣರಿಗೆ ಕಾಫಿಯ ಬೇರೆಬೇರೆ ಪಾಕಗಳ ಅಭ್ಯಾಸ ಹತ್ತಲು ಅದು ಬಹಳಮಟ್ಟಿಗೆ ಕಾರಣವಾಯಿತು. ೨೦೧೯ರಲ್ಲಿ ಕೊಡಗಿನ ಅರಾಬಿಕಾ, ಚಿಕ್ಕಮಗಳೂರಿನ ಅರಾಬಿಕಾ, ಬಾಬಾಬುಡನ್‌ಗಿರಿಯ ಅರಾಬಿಕಾ ಈ ಮೂರಕ್ಕೂ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಹೀಗೆ ಸೀಮೆಯ ಹೆಸರಿಗೆ ಕಾನೂನಿನ ರಕ್ಷಣೆಯೂ, ತೋಟದ ಹೆಸರಿಗೆ ಮಾರುಕಟ್ಟೆಯ ದಾರಿಯೂ ಏರ್ಪಟ್ಟಿರುತ್ತವೆ.

ಹುರಿಯುವವನು ಮಾಡಬಲ್ಲದ್ದೆಷ್ಟು?

ರುಚಿಯೆಲ್ಲವೂ ಹುರಿಯುವವನ ಕೈಚಳಕವೆಂದು ಕೆಲವರು ಭಾವಿಸುತ್ತಾರೆ. ಇದು ಅರ್ಧ ಮಾತ್ರ ಸತ್ಯ. ಹಸಿರು ಬೀಜವನ್ನು ಸುಮಾರು ೨೦೦ ಡಿಗ್ರಿ ಸೆಂಟಿಗ್ರೇಡ್ ಉಷ್ಣಕ್ಕೆ ತಂದಾಗ ಅದು ಚಟಪಟನೆ ಸಿಡಿದು ಉಬ್ಬುತ್ತದೆ. ಅಲ್ಲಿಂದ ಮುಂದೆ ಎಷ್ಟು ಹೊತ್ತು ಬಿಡಬೇಕೆಂಬುದರಲ್ಲಿಯೇ ಅವನ ಜಾಣ್ಮೆಯಿದೆ. ಬೇಗ ಇಳಿಸಿದರೆ ಹಣ್ಣಿನ ಹುಳಿಯೂ ಪರಿಮಳವೂ ಉಳಿಯುತ್ತವೆ; ತಡಮಾಡಿದರೆ ಕಹಿಯೂ ಹೊಗೆಯ ವಾಸನೆಯೂ ಮೇಲಾಗುತ್ತವೆ. ಇಷ್ಟರಲ್ಲಿ ಬೀಜದ ತೂಕವು ನೂರಕ್ಕೆ ೧೫ರಿಂದ ೨೦ರವರೆಗೆ ಇಳಿದುಹೋಗುತ್ತದೆ. ಸುಮಾರು ೬ ಕಿಲೋ ಹಣ್ಣಿಗೆ ೧ ಕಿಲೋ ಹಸಿರು ಬೀಜವೆಂದು ಲೆಕ್ಕವಿಟ್ಟರೆ, ಪೇಟೆಯವನು ಕೊಳ್ಳುವ ಒಂದು ಕಿಲೋ ಹುರಿದ ಕಾಫಿಯ ಹಿಂದೆ ತೋಟದ ಸುಮಾರು ೭ ಕಿಲೋ ಹಣ್ಣು ಇರುತ್ತದೆ.

ಒಳ್ಳೆಯ ಬೀಜವನ್ನು ಹುರಿಯುವವನು ಕೆಡಿಸಬಹುದು. ಕೆಟ್ಟ ಬೀಜವನ್ನು ಅವನು ಒಳ್ಳೆಯದು ಮಾಡಲಾರ. ಕಾಯಾಗಿದ್ದಾಗಲೇ ಕಿತ್ತ ಬೀಜವು ಎಷ್ಟು ಹುರಿದರೂ ಬಿಳಚಿಕೊಂಡೇ ಇದ್ದು ಹುಲ್ಲಿನ ರುಚಿಯನ್ನು ಕೊಡುತ್ತದೆ. ಮಿತಿಮೀರಿ ಹುಳಿತ ಒಂದು ಬೀಜದ ದುರ್ನಾತವು ಬಟ್ಟಲನ್ನೆಲ್ಲ ಕೆಡಿಸಬಲ್ಲದು. ಒಣಗಿದ ಮೇಲೆ ಮತ್ತೆ ನೆನೆದ ಬೀಜಕ್ಕೆ ಮುಗ್ಗಲು ವಾಸನೆ ಅಂಟುತ್ತದೆ. ಗಾಢವಾಗಿ ಹುರಿದು, ಚಿಕೋರಿ ಬೆರೆಸಿ, ಹಾಲು ಸಕ್ಕರೆ ಹಾಕಿದಲ್ಲಿ ಈ ದೋಷಗಳು ಸ್ವಲ್ಪಮಟ್ಟಿಗೆ ಅಡಗುವುದುಂಟು. ಹದವಾಗಿ ಹುರಿದು ಹಾಲಿಲ್ಲದೆ ಕುಡಿಯುವ ಮೂರನೆಯ ಪಂಗಡದವರಿಗೆ ಇವು ಮೊದಲನೆಯ ಗುಟುಕಿಗೇ ತಿಳಿದುಬಿಡುತ್ತವೆ.

ತೋಟದಲ್ಲಿಯೂ ಕಣದಲ್ಲಿಯೂ ನಡೆಯತಕ್ಕ ಕೆಲಸ

ಆದಕಾರಣ ಹೆಸರು ಗಳಿಸಲಿಚ್ಛಿಸುವ ಬೆಳೆಗಾರನು ಈ ಕೆಳಗಣ ವಿಷಯಗಳಲ್ಲಿ ಜಾಗರೂಕನಾಗಿರಬೇಕು.

ಕೀಳುವಿಕೆ — ಪೂರ್ಣವಾಗಿ ಕೆಂಪಾದ ಹಣ್ಣನ್ನು ಮಾತ್ರ ಬಿಡಿಸತಕ್ಕದ್ದು. ರೆಂಬೆಯನ್ನು ಹಿಡಿದು ಹಸುರು ಹಣ್ಣು ಒಂದೂ ಬಿಡದೆ ಸವರುವ ಅಭ್ಯಾಸವು ಕೂಲಿಯನ್ನು ಉಳಿಸಿದಂತೆ ತೋರಿದರೂ ತೂಕವನ್ನೂ ರುಚಿಯನ್ನೂ ಕಳೆಯುತ್ತದೆ. ಎರಡು ಮೂರು ಸುತ್ತು ಕೀಳಿಸುವುದಕ್ಕೆ ಕೂಲಿ ಹೆಚ್ಚು ತಗಲುವುದು ಸಹಜ. ತೂಕದ ಮೇಲೆ ಮಾತ್ರ ಕೂಲಿ ಗೊತ್ತುಮಾಡಿದರೆ ಆಳುಗಳು ಕಾಯನ್ನೂ ಸೇರಿಸುವುದು ಅಷ್ಟೇ ಸಹಜ. ಹಣ್ಣಿನ ಗುಣವನ್ನು ನೋಡಿ ಮೇಲುಕೂಲಿ ಕೊಡುವುದು ಇದಕ್ಕೆ ತಕ್ಕ ಉಪಾಯ.

ತೇಲಿಸುವಿಕೆ — ತಂದ ಹಣ್ಣನ್ನು ನೀರಿನ ತೊಟ್ಟಿಗೆ ಹಾಕಿ, ತೇಲಿದ ಜೊಳ್ಳನ್ನೂ ಕೊರಕಹುಳು ಬಿದ್ದದ್ದನ್ನೂ ಬೇರ್ಪಡಿಸಬೇಕು. ಹೀಗೆ ಬೇರ್ಪಡಿಸಿದ್ದನ್ನು ಒಳ್ಳೆಯ ಹಣ್ಣಿನೊಂದಿಗೆ ಮತ್ತೆ ಕಲಸಕೂಡದು.

ಸಿಪ್ಪೆ ಬಿಡಿಸುವಿಕೆ — ಕಿತ್ತ ದಿನವೇ ಪಲ್ಪರ್ ಯಂತ್ರಕ್ಕೆ ಕೊಡಬೇಕು. ರಾತ್ರಿಯೆಲ್ಲ ಮೂಟೆಯಲ್ಲಿಟ್ಟ ಹಣ್ಣು ಬಿಸಿಯೇರಿ ಹುಳಿಯುತ್ತದೆ. ಬೀಜಕ್ಕಂಟಿದ ಲೋಳೆಯು ಕರಗಲು ಅರಾಬಿಕಾಕ್ಕೆ ಹವೆಯನ್ನನುಸರಿಸಿ ೨೪ರಿಂದ ೩೬ ಗಂಟೆ ಹಿಡಿಯುತ್ತದೆ. ಬೀಜವನ್ನು ಅಂಗೈಯಲ್ಲಿ ಉಜ್ಜಿದಾಗ ಜಾರದೆ ಮರಳುಗಲ್ಲಿನಂತೆ ಒರಟಾಗಿ ತೋರಿದರೆ ಹದ ಬಂದಿತೆಂದು ತಿಳಿದು, ಒಡನೆಯೇ ಶುದ್ಧವಾದ ನೀರಿನಲ್ಲಿ ತೊಳೆಯತಕ್ಕದ್ದು. ತೊಟ್ಟಿಯನ್ನೂ ಯಂತ್ರವನ್ನೂ ಪ್ರತಿದಿನ ತೊಳೆಯದಿದ್ದರೆ ಹಿಂದಿನ ದಿನದ ಒಂದೆರಡು ಬೀಜಗಳು ಉಳಿದು ಇಂದಿನ ರಾಶಿಯನ್ನು ಕೆಡಿಸುತ್ತವೆ.

ಒಣಗಿಸುವಿಕೆ — ಮಣ್ಣಿನ ನೆಲದ ಮೇಲೆ ಒಣಗಿಸಿದ ಬೀಜವು ಮಣ್ಣಿನ ವಾಸನೆಯನ್ನು ಹೀರಿಕೊಳ್ಳುತ್ತದೆ. ಗಾರೆಯ ಕಣ, ಹೆಂಚಿನ ಕಣ ಅಥವಾ ಬಲೆಯ ತಟ್ಟೆಗಳನ್ನು ಉಪಯೋಗಿಸಬೇಕು. ತೆಳುವಾಗಿ ಹರವಿ, ಗಂಟೆಗೊಮ್ಮೆಯಾದರೂ ಕೈಯಾಡಿಸಿ, ಸಂಜೆಗೆ ಗುಡ್ಡೆಹಾಕಿ ಇಬ್ಬನಿ ತಾಗದಂತೆ ಮುಚ್ಚಬೇಕು. ತೊಳೆದ ಬೀಜದಲ್ಲಿ ತೇವವು ನೂರಕ್ಕೆ ೧೦ಕ್ಕೂ, ಹಣ್ಣಿನೊಂದಿಗೇ ಒಣಗಿಸಿದ ರೊಬಸ್ಟಾದಲ್ಲಿ ೧೧ಕ್ಕೂ ಇಳಿಯುವವರೆಗೆ ಮೂಟೆ ಕಟ್ಟಕೂಡದು. ಗೊಬ್ಬರ, ಔಷಧಿ, ಸೀಮೆಎಣ್ಣೆ ಇರುವ ಕೊಠಡಿಯಲ್ಲಿ ಕಾಫಿಯನ್ನು ಎಂದಿಗೂ ಇಡಬಾರದು.

ಈ ಎಚ್ಚರಿಕೆಗಳು ಎತ್ತರದ ಅರಾಬಿಕಾಕ್ಕೆ ಮಾತ್ರವೆಂದು ರೊಬಸ್ಟಾ ಬೆಳೆಯುವವರು ಎಣಿಸಬೇಕಾದದ್ದಿಲ್ಲ. ಚೆನ್ನಾಗಿ ತೊಳೆದು ಸಂಸ್ಕರಿಸಿದ ರೊಬಸ್ಟಾವು ‘ಕಾಪಿ ರಾಯಲ್’ ಎಂಬ ಹೆಸರಿನಿಂದ ವಿದೇಶಗಳಲ್ಲಿಯೂ ಮನ್ನಣೆ ಪಡೆದಿದೆ. ಚಿಕ್ಕಮಗಳೂರು ಜಿಲ್ಲೆಯ ಸೇತುರಾಮನ್ ತೋಟದ ರೊಬಸ್ಟಾವನ್ನು ಕಾಫಿಪ್ರಿಯರು ಹೆಸರು ಹಿಡಿದು ಕೇಳುತ್ತಾರೆ. ತಳಿಯ ವಿಷಯದಲ್ಲಿಯೂ ಹೀಗೆಯೇ. ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪಿತವಾದ ಸಂಶೋಧನಾ ಕೇಂದ್ರದಿಂದ ೧೯೪೦ರ ದಶಕದಲ್ಲಿ ಹೊರಬಂದ ಎಸ್. ೭೯೫ ಎಂಬ ಅರಾಬಿಕಾ ತಳಿಯ ಹೆಸರು ಈಗಲೂ ಹೊಸ ಪೊಟ್ಟಣಗಳ ಮೇಲೆ ಗೌರವದಿಂದ ಅಚ್ಚಾಗುತ್ತಿದೆ.

ಸಣ್ಣ ಬೆಳೆಗಾರರೂ ಗ್ರಾಮದ ಮುಖಂಡರೂ

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಪಲ್ಪರ್ ಯಂತ್ರ, ತೊಟ್ಟಿ, ಗಾರೆಯ ಕಣ ಇವೆಲ್ಲ ನೂರಾರು ಎಕರೆಯ ಯಜಮಾನರಿಗೆ ಸರಿ. ಎರಡು ಮೂರು ಎಕರೆಯವನು ಏನು ಮಾಡಬೇಕು? ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ೯೮ಕ್ಕೂ ಹೆಚ್ಚು ಸಣ್ಣವೇ ಆಗಿರುವುದರಿಂದ ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಇಂಥವನ ತೋಟವು ಒಳ್ಳೆಯ ಎತ್ತರದಲ್ಲಿದ್ದು ಹಣ್ಣು ಉತ್ತಮವಾಗಿದ್ದರೂ, ಅದು ವರ್ತಕನ ರಾಶಿಯಲ್ಲಿ ಕಲೆತು ಅನಾಮಧೇಯವಾಗಿ ಹೋಗುತ್ತದೆ.

ಇದಕ್ಕೆ ಉತ್ತರವು ಆಂಧ್ರ ದೇಶದ ಅರಕು ಕಣಿವೆಯಲ್ಲಿ ದೊರೆಯುತ್ತದೆ. ಅಲ್ಲಿನ ಗಿರಿಜನರ ಹಿಡುವಳಿಗಳು ತೀರ ಚಿಕ್ಕವು. ಅವರು ಸಹಕಾರ ಸಂಘವನ್ನು ಕಟ್ಟಿಕೊಂಡು, ಮಾಗಿದ ಹಣ್ಣನ್ನು ಒಂದೆಡೆ ಸೇರಿಸಿ, ಒಂದೇ ಕ್ರಮದಲ್ಲಿ ಸಂಸ್ಕರಿಸಿ, ಕಣಿವೆಯ ಹೆಸರಿನಲ್ಲಿಯೇ ಮಾರುವ ದಾರಿಯನ್ನು ಹಿಡಿದರು. ೨೦೧೭ರಲ್ಲಿ ಪ್ಯಾರಿಸ್ ನಗರದಲ್ಲಿ ಆ ಹೆಸರಿನ ಅಂಗಡಿಯೇ ತೆರೆಯಿತು. ಅಷ್ಟು ಚಿಕ್ಕ ಹಿಡುವಳಿಯವರಿಗೆ ಸಾಧ್ಯವಾದದ್ದು ಮಲೆನಾಡಿನ ಗ್ರಾಮಗಳಿಗೆ ಅಸಾಧ್ಯವೆಂದು ಹೇಳಲಾಗದು. ಒಂದು ಗ್ರಾಮದ ಹತ್ತಿಪ್ಪತ್ತು ಮಂದಿ ಕೂಡಿ ಒಂದು ಯಂತ್ರವನ್ನೂ ಒಂದು ಕಣವನ್ನೂ ಹೊಂದಬಹುದು. ಇಂಥಾ ಒಕ್ಕೂಟಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಪರಸ್ಪರ ವಿಶ್ವಾಸ. ಒಬ್ಬನು ಕಾಯನ್ನು ಬೆರೆಸಿ ತಂದರೆ ಎಲ್ಲರ ಹೆಸರೂ ಕೆಡುತ್ತದೆ. ಆ ವಿಶ್ವಾಸವನ್ನು ಬೆಳೆಸುವುದೂ, ಹಣ್ಣನ್ನು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸುವವನೊಬ್ಬನನ್ನು ನೇಮಿಸುವುದೂ ಗ್ರಾಮದ ಹಿರಿಯರಿಂದಲೇ ಆಗತಕ್ಕ ಕೆಲಸ.

ಕೆಲವು ಎಚ್ಚರಿಕೆಯ ಮಾತುಗಳು

ಕೊಳ್ಳುವವನನ್ನು ಗೊತ್ತುಮಾಡಿಕೊಳ್ಳದೆ ಬೆಳೆಯನ್ನೆಲ್ಲ ಹೊಸ ರೀತಿಯಲ್ಲಿ ಸಂಸ್ಕರಿಸಲು ಹೊರಡುವುದು ವಿವೇಕವಲ್ಲ. ಮೊದಲನೆಯ ವರ್ಷ ಕೆಲವು ಮೂಟೆಗಳನ್ನು ಮಾತ್ರ ಪ್ರತ್ಯೇಕವಾಗಿ ಮಾಡಿ, ಅದರ ಮಾದರಿಯನ್ನು ಕಾಫಿ ಮಂಡಲಿಯ ರುಚಿಪರೀಕ್ಷಕರಿಗೂ ಹುರಿಯುವ ಸಂಸ್ಥೆಗಳಿಗೂ ಕಳುಹಿಸಿ, ಅವರು ಹೇಳುವ ಗುಣದೋಷಗಳನ್ನು ಬರೆದಿಟ್ಟುಕೊಳ್ಳತಕ್ಕದ್ದು. ರುಚಿಪರೀಕ್ಷೆಯಲ್ಲಿ ೧೦೦ಕ್ಕೆ ೮೦ ಅಥವಾ ಅದಕ್ಕೆ ಮೇಲ್ಪಟ್ಟ ಅಂಕಗಳನ್ನು ಪಡೆದ ಕಾಫಿಯನ್ನೇ ವಿಶೇಷ ದರ್ಜೆಯದೆಂದು ಎಣಿಸುವ ರೂಢಿಯಿದೆ. ಕ್ರಯವನ್ನೂ ಪಾವತಿಯ ವಾಯಿದೆಯನ್ನೂ ಬರವಣಿಗೆಯಲ್ಲಿ ಪಡೆದ ನಂತರವೇ ಪ್ರಮಾಣವನ್ನು ಹೆಚ್ಚಿಸಬೇಕು. ಅಲ್ಲದೆ ಪಲ್ಪರಿನಿಂದ ಹೊರಬರುವ ನೀರು ಹಳ್ಳಕೊಳ್ಳಗಳನ್ನು ಕೆಡಿಸುತ್ತದೆ. ಅದನ್ನು ಹೊಂಡಗಳಲ್ಲಿ ನಿಲ್ಲಿಸಿ ಸುಣ್ಣದಿಂದ ಹುಳಿಯನ್ನು ಮುರಿಯದೆ ಹೊರಗೆ ಬಿಡಕೂಡದು.

೨೦೨೪ರಲ್ಲಿ ರೊಬಸ್ಟಾದ ಬೆಲೆಯು ಲಂಡನ್ ಮಾರುಕಟ್ಟೆಯಲ್ಲಿ ಅಪೂರ್ವವಾದ ಮಟ್ಟಕ್ಕೆ ಏರಿತು. ಬೆಲೆ ಏರಿದ ಕಾಲದಲ್ಲಿ ಹೇಗೆ ಕಿತ್ತರೂ ಮಾರುತ್ತದೆಂಬ ಉದಾಸೀನವು ಹುಟ್ಟುವುದು ಸ್ವಾಭಾವಿಕ. ಆದರೆ ಏರಿದ ಬೆಲೆಯು ಇಳಿಯುವುದೂ ಉಂಟು. ಬೆಲೆ ಇಳಿದಾಗ ರಾಶಿಯ ಕಾಫಿಯು ರಾಶಿಯ ಬೆಲೆಗೇ ಹೋಗುತ್ತದೆ; ಹೆಸರು ಪಡೆದ ತೋಟವನ್ನು ಅದರ ಗಿರಾಕಿಗಳು ಸುಲಭವಾಗಿ ಬಿಡುವುದಿಲ್ಲ. ಅರಾಬಿಕಾದ ಸುಗ್ಗಿಯು ನವಂಬರಿನಲ್ಲಿ ಮೊದಲಾಗುವುದರಿಂದ, ಅದಕ್ಕೆ ಮುಂಚೆಯೇ ಕಣವನ್ನು ಸರಿಪಡಿಸಿ, ತೊಟ್ಟಿಗಳನ್ನು ತೊಳೆಯಿಸಿ, ಕೀಳುವ ಆಳುಗಳೊಂದಿಗೆ ಮೇಲುಕೂಲಿಯ ವಿಷಯವನ್ನು ಇತ್ಯರ್ಥಪಡಿಸಿಕೊಳ್ಳುವುದು ಪ್ರತಿಯೊಬ್ಬ ತೋಟದ ಯಜಮಾನರಿಗೂ ಶ್ರೇಯಸ್ಕರವಾಗಿರುತ್ತದೆ.